ಕಾಲು ಕಿಲೋ ಕುಂಕುಮ

ಅಮ್ಮ ಹರಕೆ ಹೊತ್ತಿದ್ದಾಳೆ ಅಂತ ನನಗೆ ಗೊತ್ತಾಗಿದ್ದು ಸಿಎ ಫೈನಲ್ ರಿಸಲ್ಟ್ ಬಂದ ರಾತ್ರಿ. ಕುಕ್ಕರ್ ಎರಡು ಸಲ ಕೂಗಿತ್ತು. ನಾನು ಅಡುಗೆಮನೆ ಕಟ್ಟೆಯ ಮೇಲೆ ಕೂತು, ಬಂದ ಮೆಸೇಜಿಗೆಲ್ಲ ಥ್ಯಾಂಕ್ಸ್ ಅಂತ ಟೈಪ್ ಮಾಡುತ್ತಿದ್ದೆ. ಅಮ್ಮ ಹುಣಸೆಹಣ್ಣು ಕಿವುಚುತ್ತಾ, "ಚಾಮುಂಡಿ ಬೆಟ್ಟಕ್ಕೆ ಹೋಗ್ಬೇಕು ಕಣೇ. ಮೆಟ್ಟಿಲಿಗೆಲ್ಲ ಅರಿಶಿನ ಕುಂಕುಮ ಹಚ್ತೀನಿ ಅಂತ ಹೇಳ್ಕೊಂಡಿದ್ದೆ" ಅಂದಳು.

"ಯಾವಾಗ ಹೇಳ್ಕೊಂಡಿದ್ದು?"

"ಎರಡನೇ ಸಲ ಹೋದಾಗ."

ನಮ್ಮ ಮನೆಯಲ್ಲಿ ಫೇಲ್ ಅನ್ನೋ ಮಾತಿಲ್ಲ. 'ಹೋಯ್ತು' ಅಂತಲೇ. ಮೊದಲನೇ ಸಲ ಹೋಯ್ತು. ಎರಡನೇ ಸಲ ಹೋಯ್ತು. ಸಿಎ ಫೈನಲ್‌ನ ಪೇಪರುಗಳು ಎರಡು ಗ್ರೂಪು; ಮೂರನೇ ಸಲ ಒಂದು ಗ್ರೂಪ್ ಬಂತು, ಇನ್ನೊಂದು ಹೋಯ್ತು. ನಾಲ್ಕನೇ ಸಲ ಅದೂ ಬಂತು. ಏನೋ ಬಸ್ಸಿನ ವಿಷಯ ಮಾತಾಡಿದ ಹಾಗೆ.

ಹರಕೆ ಸರಿ, ಆದರೆ ಅಮ್ಮನ ಮಂಡಿ? ನಮ್ಮ ಮನೆ ಇರೋದು ಮೊದಲನೇ ಮಹಡಿಯಲ್ಲಿ. ಆ ಇಪ್ಪತ್ತು ಮೆಟ್ಟಿಲನ್ನೇ ಅವಳು ಕಂಬಿ ಹಿಡಿದುಕೊಂಡು, ಪಕ್ಕಕ್ಕೆ ತಿರುಗಿ, ಒಂದೊಂದಾಗಿ ಇಳಿಯುತ್ತಾಳೆ. ಬೆಟ್ಟದಲ್ಲಿ ಸಾವಿರ ಮೆಟ್ಟಿಲು. ಅವಳು ಅದನ್ನೂ ಯೋಚಿಸಿಟ್ಟಿದ್ದಳು. "ನೀನು ಹಚ್ಕೊಂಡು ಬಾ. ನಾನು ಬಸ್ಸಲ್ಲಿ ಹೋಗಿ ಮೇಲೆ ಕೂತಿರ್ತೀನಿ. ದೊಡ್ಡಮ್ಮನ್ನ ಕೇಳಿದೆ, ಮಕ್ಕಳು ತೀರಿಸಬಹುದಂತೆ."

"ಸಾಲ ಮಾಡಿದ್ದು ನೀನು, ತೀರಿಸೋದು ನಾನಾ?"

"ಪಾಸಾಗಿದ್ದು ಯಾರು?"

ಇದಕ್ಕೆ ಉತ್ತರ ಇರಲಿಲ್ಲ. ದೇವಸ್ಥಾನದ ಮುಂದೆ ಗಾಡಿಯಲ್ಲಿ ಹೋಗುವಾಗ ಒಂದು ಕೈ ಎದೆಗೆ ಮುಟ್ಟಿಸಿಕೊಂಡು ಮುಂದೆ ಹೋಗುವ ಜಾತಿ ನನ್ನದು. ನಂಬುತ್ತೀಯಾ ಅಂತ ಯಾರಾದರೂ ಕೇಳಿದರೆ ಮಾತು ಬದಲಾಯಿಸುತ್ತೇನೆ.

ಆಷಾಢ ಶುಕ್ರವಾರ ಹೋಗೋಣ ಅಂತ ಅಮ್ಮನಿಗೆ ಆಸೆ ಇತ್ತು. ಆ ಜನಸಾಗರ ನೆನೆಸಿಕೊಂಡು ನಾನು ಒಪ್ಪಲಿಲ್ಲ. ಒಂದು ಮಾಮೂಲಿ ಮಂಗಳವಾರ ಅಂತ ಆಯಿತು. ಹಿಂದಿನ ದಿನ ಗ್ರಂಥಿಗೆ ಅಂಗಡಿಗೆ ಹೋದೆವು. ಅಮ್ಮ ಅರ್ಧರ್ಧ ಕಿಲೋ ಕೊಡಿ ಅಂದಳು. ನಾನು ತಡೆದೆ. ಸಾವಿರ ಮೆಟ್ಟಿಲು, ಕಾಲು ಕಿಲೋ ಅಂದರೆ 250 ಗ್ರಾಂ, ಮೆಟ್ಟಿಲಿಗೆ ಕಾಲು ಗ್ರಾಂ. ಒಂದು ಬೊಟ್ಟಿಗೆ ಅದಕ್ಕಿಂತ ಜಾಸ್ತಿ ಯಾಕೆ ಬೇಕು? ಅಂಗಡಿಯವನು ಅಮ್ಮನ ಮುಖ ನೋಡಿದ. ಅಮ್ಮ, "ಅವಳು ಸಿಎ, ಅವಳು ಹೇಳಿದಷ್ಟೇ ಕೊಡಿ" ಅಂದಳು. ಅದರಲ್ಲಿ ಹೆಮ್ಮೆ ಎಷ್ಟಿತ್ತು, ಚುಚ್ಚು ಎಷ್ಟಿತ್ತು ಅಂತ ಇವತ್ತಿಗೂ ಗೊತ್ತಿಲ್ಲ.

ಬೆಳಗಿನ ಜಾವದ ರೈಲು. ಅಮ್ಮ ರಾತ್ರಿಯೇ ಚಪಾತಿ ಸುತ್ತಿಟ್ಟಿದ್ದಳು, ಆದರೂ ಮದ್ದೂರು ಬಂದಾಗ ವಡೆ ತಗೊಂಡಳು. ಅದು ಹಸಿವಿಗಲ್ಲ, ಮದ್ದೂರು ಬಂತಲ್ಲ ಅಂತ. ಶ್ರೀರಂಗಪಟ್ಟಣ ಅಂದರೆ ದ್ವೀಪ, ರೈಲು ಕಾವೇರಿಯನ್ನು ಎರಡು ಸಲ ದಾಟುತ್ತದೆ. ಮೊದಲನೇ ಸೇತುವೆಯಲ್ಲಿ ಅಮ್ಮ ಕಿಟಕಿಯಿಂದ ಒಂದು ರೂಪಾಯಿ ಹಾಕಿ ಕೈ ಮುಗಿದಳು. ಎರಡನೇ ಸೇತುವೆ ಬಂದಾಗ ಮತ್ತೆ ಪರ್ಸ್ ತೆಗೆದಳು.

"ಅಮ್ಮಾ, ಒಂದೇ ನದಿ."

"ಇರ್ಲಿ ಬಿಡೇ."

ಮೈಸೂರಿನ ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಅಮ್ಮನನ್ನು 201 ನಂಬರ್ ಬಸ್ಸು ಹತ್ತಿಸಿದೆ. ಹೆಂಗಸರಿಗೆ ಫ್ರೀ ಟಿಕೆಟ್ ಅಂತ ಅವಳು ಆಧಾರ್ ಕಾರ್ಡನ್ನು ಆಗಲೇ ಕೈಯಲ್ಲಿ ಹಿಡಿದಿದ್ದಳು. "ದೇವರನ್ನ ನೋಡೋಕೂ ಆಧಾರ್ ಬೇಕು ನೋಡು" ಅಂತ ಪಕ್ಕದವರಿಗೆ ಹೇಳುತ್ತಾ ಹೋದಳು. ನಾನು ಆಟೋ ಹಿಡಿದು ಬೆಟ್ಟದ ಪಾದದ ಹತ್ತಿರ ಇಳಿದೆ. ಚಪ್ಪಲಿ ಬಿಟ್ಟೆ. ಎರಡು ಸ್ಟೀಲ್ ಡಬ್ಬಿ ತೆಗೆದೆ, ಒಂದರಲ್ಲಿ ಅರಿಶಿನ, ಒಂದರಲ್ಲಿ ಕುಂಕುಮ.

ಮೊದಲನೇ ಮೆಟ್ಟಿಲಿಗೆ ಬಗ್ಗಿದಾಗಲೇ ಒಂದು ವಿಷಯ ಗೊತ್ತಾಯಿತು. ಮೆಟ್ಟಿಲು ಖಾಲಿ ಇರಲಿಲ್ಲ. ಕಲ್ಲಿನ ಎದುರು ಮುಖದ ತುಂಬ ಹಳದಿ, ಕೆಂಪು. ನಿನ್ನೆ ಹಚ್ಚಿದ್ದು, ಹೋದ ವಾರ ಹಚ್ಚಿದ್ದು, ಮಳೆಗೆ ಇಳಿದು ಹರಿದದ್ದು, ಬಿಸಿಲಿಗೆ ಕಂದು ಬಣ್ಣಕ್ಕೆ ತಿರುಗಿದ್ದು. ಕೆಲವು ಮೂರು ಬೆರಳು ಒಟ್ಟಿಗೆ ಎಳೆದದ್ದು, ಕೆಲವು ಚಿಕ್ಕ ಬೊಟ್ಟು. ಅಲ್ಲಲ್ಲಿ ಕರ್ಪೂರ ಉರಿದು ಕಪ್ಪಾದ ಗುರುತು. ನನ್ನ ಬೊಟ್ಟು ಇಟ್ಟು ಕೈ ತೆಗೆದ ಮೇಲೆ ಯಾವುದು ನನ್ನದು ಅಂತ ನನಗೇ ಗೊತ್ತಾಗಲಿಲ್ಲ.

ಮೊದಲ ನೂರು ಮೆಟ್ಟಿಲಿನ ತನಕ ಎಲ್ಲ ಚೆನ್ನಾಗಿತ್ತು. ಬಗ್ಗು, ಅರಿಶಿನ, ಕುಂಕುಮ, ಏಳು. ಇನ್ನೂರರ ಹೊತ್ತಿಗೆ ಸೊಂಟ ಹಿಡಿಯಿತು. ಬ್ಯಾಗ್ ಮೇಲೆ ಕಣ್ಣಿಟ್ಟಿದ್ದ ಕೋತಿಯೊಂದನ್ನು ಓಡಿಸುವಷ್ಟರಲ್ಲಿ ಎಣಿಕೆ ತಪ್ಪಿತು. ದಿನಾ ಹತ್ತುವವರು ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಪಕ್ಕದಲ್ಲೇ ದಡದಡ ಹತ್ತಿ ಹೋಗುತ್ತಿದ್ದರು. ಒಬ್ಬರು ತಾತ ನನ್ನನ್ನು ದಾಟಿ ಮೇಲೆ ಹೋದವರು, ನಾನು ಮುನ್ನೂರು ಮುಟ್ಟುವಷ್ಟರಲ್ಲಿ ಇಳಿದು ವಾಪಸ್ ಬಂದರು. "ನಿಧಾನಕ್ಕೆ ಮಗಾ" ಅಂದರು.

ಬಗ್ಗಿ ಏಳುವ ಕೆಲಸದಲ್ಲಿ ತಲೆಗೆ ಬೇರೆ ಕೆಲಸ ಇರುವುದಿಲ್ಲ ನೋಡಿ. ಹಾಗಾಗಿ ನಾನು ಬೇಡ ಬೇಡ ಅಂತ ದೂರ ಇಟ್ಟಿದ್ದ ಯೋಚನೆ ಅಲ್ಲೇ ಬಂತು. ನನ್ನ ಗೆಳತಿಯದು.

ಮೂರು ವರ್ಷ ಆರ್ಟಿಕಲ್‌ಶಿಪ್, ಅಂದರೆ ಸಿಎ ಕೈಕೆಳಗಿನ ತರಬೇತಿ, ಒಟ್ಟಿಗೆ ಮಾಡಿದವರು ನಾವು. ಒಂದೇ ಡಬ್ಬಿಯಲ್ಲಿ ಊಟ. ಹಲವು ಕಂಪನಿಗಳ ಲೆಕ್ಕ ಸೇರಿಸಿ ಒಂದು ಮಾಡುವ ಕನ್ಸಾಲಿಡೇಶನ್ ಲೆಕ್ಕ ನನ್ನ ತಲೆಗೆ ಹತ್ತಿಸಿದ್ದೇ ಅವಳು. ಅದೂ ಪರೀಕ್ಷೆಗೆ ನಾಲ್ಕು ದಿನ ಇರುವಾಗ, ರಾತ್ರಿ ಒಂದು ಗಂಟೆಗೆ, ವಿಡಿಯೋ ಕಾಲ್‌ನಲ್ಲಿ. ಆ ಲೆಕ್ಕ ಬಂತು. ನಾನು ಮಾಡಿದೆ, ಅವಳೂ ಮಾಡಿದಳು. ಸಿಎಯಲ್ಲಿ ಪ್ರತಿ ಪೇಪರಿಗೂ 40 ಬರಬೇಕು, ಗ್ರೂಪಿಗೆ ಒಟ್ಟು ಶೇಕಡಾ 50 ಬರಬೇಕು. ಅವಳ ಒಟ್ಟು ನನಗಿಂತ ಜಾಸ್ತಿ. ಆದರೆ ಒಂದು ಪೇಪರಿನಲ್ಲಿ 38. ಎರಡು ಅಂಕ. ಅದು ಅವಳ ನಾಲ್ಕನೇ ಸಲವೂ ಹೌದು. ಇನ್ನು ಬರೆಯಲ್ಲ ಅಂತ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸಕ್ಕೆ ಸೇರಿಬಿಟ್ಟಳು. ರಿಸಲ್ಟ್ ದಿನ ನನಗೆ ಮೊದಲು ಬಂದ ಮೆಸೇಜ್ ಅವಳದೇ. ನಾನು ಥ್ಯಾಂಕ್ಸ್ ಅಂತ ಹಾಕಿದೆ. ಆಮೇಲೆ ಎರಡು ತಿಂಗಳಾಗಿತ್ತು, ಫೋನ್ ಮಾಡಿರಲಿಲ್ಲ. ಏನಂತ ಮಾತಾಡೋದು?

ಅವಳ ಅಮ್ಮನೂ ಸುಮ್ಮನೆ ಕೂತವರಲ್ಲ. ಪ್ರತಿ ಶುಕ್ರವಾರ ದೇವಿ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚುತ್ತಿದ್ದರು. ಆ ವಾಸನೆ ಅವಳ ನೋಟ್ಸಿಗೂ ಹತ್ತಿರುತ್ತಿತ್ತು.

ಹಾಗಾದರೆ ನನ್ನನ್ನು ಪಾಸು ಮಾಡಿದ್ದು ಈ ತಾಯಿ ಅಂತ ಒಪ್ಪಿಕೊಂಡರೆ, ಅವಳನ್ನು ಎರಡು ಅಂಕಕ್ಕೆ ನಿಲ್ಲಿಸಿದ್ದು ಯಾರು? ಇಲ್ಲ, ಎಲ್ಲ ನನ್ನ ಓದು ಅಂದರೆ, ಅವಳು ನನಗಿಂತ ಕಮ್ಮಿ ಓದಿದ್ದಳಾ? ಖಂಡಿತ ಇಲ್ಲ. ಅದೃಷ್ಟ ಅಂದುಬಿಡಬಹುದು. ಆದರೆ ಅದೃಷ್ಟಕ್ಕೆ ಯಾರೂ ಸಾವಿರ ಸಲ ಬಗ್ಗುವುದಿಲ್ಲ. ಸಾಧನೆ ಸಾಧನೆ ಅಂತ ಎಲ್ಲರೂ ಬರೆದ ಮೆಸೇಜುಗಳು ನೆನಪಾಗಿ ಮುಜುಗರವಾಯಿತು. ಯಾವ ಕಡೆಯಿಂದ ಕೂಡಿದರೂ ಈ ಲೆಕ್ಕ ಟ್ಯಾಲಿ ಆಗುತ್ತಿರಲಿಲ್ಲ.

ಕುಂಕುಮದ ಲೆಕ್ಕವೂ ಟ್ಯಾಲಿ ಆಗಲಿಲ್ಲ. ಆರುನೂರು ದಾಟುವಷ್ಟರಲ್ಲಿ ಡಬ್ಬಿಯ ತಳ ಕಂಡಿತು. ಬೆವರಿದ ಬೆರಳಿಗೆ ಕಾಲು ಗ್ರಾಂ ಅಲ್ಲ, ಅದರ ಒಂದೂವರೆಯಷ್ಟು ಅಂಟುತ್ತದೆ ಅನ್ನುವುದು ನನ್ನ ಬಜೆಟ್ಟಿನಲ್ಲಿ ಇರಲಿಲ್ಲ. ಗಾಳಿಗೆ ಹಾರಿದ್ದು ಬೇರೆ. ಅಮ್ಮನಿಗೆ ಗೊತ್ತಿತ್ತು. ಅಂಗಡಿಯವನಿಗೂ ಗೊತ್ತಿತ್ತು.

ಮೆಟ್ಟಿಲ ಪಕ್ಕ ಕೂತುಬಿಟ್ಟೆ. ಹಿಂದಿನಿಂದ ಒಬ್ಬರು ಹೆಂಗಸು ಹಚ್ಚಿಕೊಂಡು ಬರುತ್ತಿದ್ದರು. ಐವತ್ತರ ಹತ್ತಿರ ಇರಬಹುದು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ನನ್ನ ಖಾಲಿ ಡಬ್ಬಿ ನೋಡಿ, ಏನೂ ಕೇಳದೆ, ತಮ್ಮ ಪ್ಲಾಸ್ಟಿಕ್ ಕವರಿನಿಂದ ಸುರಿದೇಬಿಟ್ಟರು.

"ಅಯ್ಯೋ ಅಕ್ಕ, ನಿಮಗೆ ಸಾಲುತ್ತಾ?"

"ಸಾಲ್ದಿದ್ರೆ ಅಲ್ಲಿಂದ ಮುಂದಕ್ಕೆ ಕೈ ಮುಗ್ಯೋದು. ಏನ್ ಕೇಳ್ಕೊಂಡಿದ್ರಿ?"

"ಪರೀಕ್ಷೆದು. ಪಾಸಾಯ್ತು."

"ಒಳ್ಳೇದಾಯ್ತು ಬಿಡಿ. ನಂದು ಮಗನ ಕೆಲ್ಸಕ್ಕೆ. ಇನ್ನೂ ಆಗಿಲ್ಲ."

"ಆಗೋಕ್ ಮುಂಚೆನೇ ತೀರಿಸ್ತಾ ಇದ್ದೀರಾ?"

"ಅದು ಆಗೋ ಹೊತ್ಗೆ ಕಾಲು ಇರುತ್ತೋ ಇಲ್ವೋ ಕಣವ್ವ. ಅವಳು ಕೊಟ್ಟಾಗ ಕೊಡ್ಲಿ" ಅಂದು, ಮುಂದಿನ ಮೆಟ್ಟಿಲಿಗೆ ಬಗ್ಗಿದರು.

ನಾನು ಹರಕೆಯನ್ನು ಬಾಕಿ ಅಂತ ತಿಳಿದಿದ್ದೆ. ಕೆಲಸ ಆಯ್ತು, ಬಿಲ್ ಬಂತು, ಕಟ್ಟಬೇಕು. ಇವರು ಮುಂಗಡ ಕಟ್ಟುತ್ತಿದ್ದರು. ಅದೂ ರಸೀದಿ ಕೇಳದೆ. ಇನ್ನು ನನ್ನ ಡಬ್ಬಿಯೊಳಗೆ ಬಿದ್ದದ್ದು ಅವರ ಕುಂಕುಮ. ಕೈ ನನ್ನದು, ಹರಕೆ ಅಮ್ಮನದು. ಇದನ್ನು ಯಾವ ಖಾತೆಗೆ ಹಾಕೋದು?

ಇಬ್ಬರೂ ಒಟ್ಟಿಗೆ ಹತ್ತಿದೆವು, ಅವರು ಎಡಗಡೆ, ನಾನು ಬಲಗಡೆ. ಮಾತು ಕಮ್ಮಿ. ನಂದಿಯ ಹತ್ತಿರ ಕಬ್ಬಿನ ಹಾಲು ಕುಡಿದೆವು. ದೊಡ್ಡ ದೇವರಾಜ ಒಡೆಯರು 17ನೇ ಶತಮಾನದಲ್ಲಿ ಒಂದೇ ಬಂಡೆಯಲ್ಲಿ ಕಡೆಸಿದ ನಂದಿ. ಈ ಮೆಟ್ಟಿಲುಗಳೂ ಅವರ ಕಾಲದವೇ. ಅಂದರೆ ಮುನ್ನೂರೈವತ್ತು ವರ್ಷದಿಂದ ಜನ ಇಲ್ಲಿ ಏನೇನೋ ಕೇಳಿಕೊಂಡು ಹತ್ತುತ್ತಿದ್ದಾರೆ. ಎಷ್ಟು ಜನಕ್ಕೆ ಸಿಕ್ಕಿರಬಹುದು? ಸಿಗದವರು ಮತ್ತೆ ಬರಲಿಲ್ಲವಾ? ಬಂದೇ ಬಂದಿರುತ್ತಾರೆ.

ಕೊನೆಯ ಒಂದಷ್ಟು ಮೆಟ್ಟಿಲಿಗೆ ಎರಡೆರಡು ಬೊಟ್ಟು ಇಟ್ಟೆ. ಯಾಕೆ ಅಂತ ಯಾರಿಗೂ ಹೇಳಲಿಲ್ಲ. ನನಗೇ ಸ್ವಲ್ಪ ನಾಚಿಕೆಯಾಯಿತು.

ಮೇಲೆ ತಲುಪಿದಾಗ ಅಮ್ಮ ಮಹಿಷಾಸುರನ ಪ್ರತಿಮೆಯ ಹತ್ತಿರ ನೆರಳಿನಲ್ಲಿ ಕೂತು, ಯಾರದೋ ಮಗುವಿಗೆ ಕಡಲೆಕಾಯಿ ಬಿಡಿಸಿಕೊಡುತ್ತಿದ್ದಳು. ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. ಮೊಣಕೈವರೆಗೂ ಕೆಂಪು.

"ಸಾಕಾಯ್ತಾ ಕಾಲು ಕಿಲೋ?"

"ಇಲ್ಲ."

ಅದಕ್ಕೆ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ದೊಡ್ಡದು.

"ಅಮ್ಮಾ, 1008 ಮೆಟ್ಟಿಲು ಅಂತಾರೆ. ನನ್ನ ಲೆಕ್ಕಕ್ಕೆ 991 ಬಂತು. ಹದಿನೇಳು ಎಲ್ಲೋ ಬಿಟ್ಟುಹೋಗಿದೆ."

"ಬಿಟ್ಟಿದ್ರೆ ಬಿಡು. ಅಲ್ಲಿ ಬೇರೆಯವರು ಹಚ್ಚಿರ್ತಾರಲ್ಲ."

ದರ್ಶನಕ್ಕೆ ಒಂದು ಗಂಟೆ ಕ್ಯೂ, ಒಳಗೆ ಎರಡು ಸೆಕೆಂಡು. ಕಣ್ಣು ಮುಚ್ಚಿ ಏನಾದರೂ ಕೇಳೋಣ ಅನ್ನುವಷ್ಟರಲ್ಲಿ 'ಮುಂದೆ ಹೋಗಿ, ಮುಂದೆ ಹೋಗಿ' ಅಂದರು. ಹೊರಗೆ ಬಂದ ಮೇಲೆ ಅಮ್ಮ ಪ್ರಸಾದವನ್ನು ಎರಡು ಪೊಟ್ಟಣ ಮಾಡಿದಳು. "ಇದು ನಿನ್ನ ಗೆಳತಿ ಮನೆಗೆ. ಯಾಕೆ ಈಚೆಗೆ ಅವಳು ಬರೋದೇ ಇಲ್ಲ?"

"ನಾನೇ ಫೋನ್ ಮಾಡಿಲ್ಲ."

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ತಕ್ಷಣ ಅಮ್ಮ ಫೋನ್ ಕಿತ್ತುಕೊಂಡು ಅವಳ ಅಮ್ಮನ ನಂಬರಿಗೆ ಹಚ್ಚಿದಳು. ನನ್ನ ಎದೆ ಢವಢವ ಅನ್ನುತ್ತಿತ್ತು. ಏನು ಹೇಳಿಬಿಡುತ್ತಾಳೋ, ಅವರಿಗೆ ಎಲ್ಲಿ ನೋವಾಗುತ್ತೋ ಅಂತ. ಅಮ್ಮ, "ಬೆಟ್ಟಕ್ಕೆ ಬಂದಿದ್ವಿ ಕಣ್ರೀ, ನಾನು ಬಸ್ಸಲ್ಲಿ ಬಂದೆ, ಮಂಡಿ ಬಗ್ಸೋಕಾಗಲ್ಲ" ಅಂದಳು. ಆ ಕಡೆಯಿಂದ ಏನೋ ಹೇಳಿದರು. ಅಮ್ಮ, "ಹೌದಾ? ನಿಮ್ಗೂ ಎಡಗಾಲಾ?" ಅಂದಳು. ಅಲ್ಲಿಂದ ಯಾವ ಎಣ್ಣೆ, ಬಿಸಿ ಮಾಡಿ ಹಚ್ಚೋದಾ ಹಾಗೇನಾ, ರಾತ್ರಿ ಹಚ್ಚೋದಾ ಬೆಳಿಗ್ಗೆನಾ. ತಿರುವು ತಿರುವಿಗೂ ಸಿಗ್ನಲ್ ಹೋಗುತ್ತಿತ್ತು, ಹಲೋ ಹಲೋ ಅಂತ ಮತ್ತೆ ಶುರು ಮಾಡುತ್ತಿದ್ದರು. ಬೆಟ್ಟ ಇಳಿಯುವವರೆಗೂ ಇಬ್ಬರೂ ಮಂಡಿ ನೋವಿನ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ.