ಅಲ್ಬರಥೀನ್: ಬಸ್ಸು ದಿನಕ್ಕೊಂದೇ, ಭಾನುವಾರ ಅದೂ ಇಲ್ಲ

"ಟೆರುಯೆಲ್‌ನಿಂದ ಬರೀ 38 ಕಿಲೋಮೀಟರ್, ಬೆಳಿಗ್ಗೆ ಹೋಗಿ ಸಂಜೆಗೆ ಬಂದುಬಿಡಿ" ಎಂದು ಸ್ಪೇನ್‌ನ ಅಲ್ಬರಥೀನ್ ಎಂಬ ಹಳೇ ಊರಿನ ಬಗ್ಗೆ ವೆಲೆನ್ಸಿಯಾದಲ್ಲಿರುವ ಗೆಳೆಯರು ಹೇಳಿದ್ದರು. ಅವರ ಹತ್ತಿರ ಕಾರಿದೆ. ನಮ್ಮ ಹತ್ತಿರ ಇದ್ದದ್ದು ಎರಡು ಸೂಟ್‌ಕೇಸ್ ಮಾತ್ರ.

ಬಸ್ಸು ಟೆರುಯೆಲ್‌ನಿಂದ ಮಧ್ಯಾಹ್ನ ಹೊರಡುತ್ತದೆ. ವಾಪಸ್ ಬರುವುದು ಮರುದಿನ ಬೆಳಿಗ್ಗೆಯೇ. ನಾವು ಹತ್ತಿದ್ದು ಶನಿವಾರ. ಭಾನುವಾರ ಬಸ್ಸೇ ಇಲ್ಲ ಎಂದು ಗೊತ್ತಾಗಿದ್ದು ಇಳಿದ ಮೇಲೆ. ಇನ್ನೊಂದು ಮಾತು, ಡ್ರೈವರ್ ಹತ್ತಿರ "ಅಲ್ಬರಾಸಿನ್" ಅನ್ನಬೇಡಿ. ಅಲ್ಲಿಯವರ ಬಾಯಲ್ಲಿ ಅದು ಅಲ್ಬರಥೀನ್.

ಬಸ್ಸು ಕೆಳಗೆ, ನದಿ ಪಕ್ಕ ಬಿಡುತ್ತದೆ. ಹಳೇ ಊರು ಇರುವುದು ಮೇಲೆ, ಬಂಡೆಯ ನೆತ್ತಿಯಲ್ಲಿ. ಗ್ವಾದಲಾವಿಯಾರ್ ನದಿ ಊರನ್ನು ಮೂರು ಕಡೆಯಿಂದ ಬಳಸಿ ಹರಿಯುತ್ತದೆ. ಕಲ್ಲು ಹಾಸಿದ ಏರಿನಲ್ಲಿ ಸೂಟ್‌ಕೇಸ್ ಎಳೆಯುತ್ತಾ ಹೋದಾಗ ಈ ಊರಿನ ಚರಿತ್ರೆ ನನ್ನ ಮೊಣಕಾಲಿಗೆ ಅರ್ಥವಾಯಿತು. ಹೆಸರು ಬಂದದ್ದು 11ನೇ ಶತಮಾನದಲ್ಲಿ ಇಲ್ಲಿ ಆಳಿದ ಬನೂ ರಝೀನ್ ಎಂಬ, ಉತ್ತರ ಆಫ್ರಿಕಾ ಮೂಲದ ಬರ್ಬರ್ ಮನೆತನದಿಂದ. ಆಮೇಲೆ ಉತ್ತರದ ನವಾರಾ ರಾಜ್ಯದ ಕಡೆಯ ಅಥಾಗ್ರಾ ಮನೆತನದವರು ಬಂದರು. ಅವರಲ್ಲಿ ಮೊದಲಿಗ ಪೇದ್ರೊ ರೂಯಿಸ್. ಅವನು ಕ್ಯಾಸ್ಟೀಲ್ ರಾಜನಿಗೂ ತಲೆಬಾಗಲಿಲ್ಲ, ಅರಾಗೊನ್ ರಾಜನಿಗೂ ಬಾಗಲಿಲ್ಲ. ತಾನು ಯೇಸುವಿನ ತಾಯಿ ಸಂತ ಮರಿಯಾಗೆ ಮಾತ್ರ ಸಾಮಂತ ಎಂದು ಹೇಳಿಕೊಂಡ. ಜಾಣ, ಅಲ್ವಾ? ಕೊನೆಗೆ 1284ರಲ್ಲಿ ಅರಾಗೊನ್‌ನ ಮೂರನೇ ಪೇದ್ರೊ ಮುತ್ತಿಗೆ ಹಾಕಿಯೇ ಊರನ್ನು ಹಿಡಿಯಬೇಕಾಯಿತು.

ಶನಿವಾರದ ರೂಮು 95 ಯೂರೋ. ಮಂಚ ಬಿಟ್ಟರೆ ಸೂಟ್‌ಕೇಸ್ ತೆರೆಯಲು ಜಾಗವಿಲ್ಲ. "ಕಣಿವೆ ಕಾಣುವ ಕಿಟಕಿ" ಎಂದಿದ್ದರು. ಕಂಡದ್ದು ಎದುರು ಮನೆಯ ಗೋಡೆ. ಮಾರನೇ ರಾತ್ರಿ ಅದೇ ರೂಮನ್ನು 55ಕ್ಕೆ ಕೊಟ್ಟರು. ಗದ್ದಲದ ವಿಷಯವೂ ಹಾಗೆಯೇ. ಶನಿವಾರ ಸಂಜೆ ಇಕ್ಕಟ್ಟಾದ ಬೀದಿಗಳಲ್ಲಿ ಹೆಜ್ಜೆ ಇಡಲಾಗದಷ್ಟು ಜನ. ನನಗೆ ಜನಜಂಗುಳಿ ಅಂದರೆ ತಲೆನೋವು, ರೂಮಿಗೆ ಹೋಗಿ ಮಲಗಿಬಿಟ್ಟೆ. ಭಾನುವಾರ ಸಂಜೆ ಕಾರುಗಳೆಲ್ಲ ಹೊರಟವು. ಆಗ ಕಂಡಿತು ಊರು. ಅಲ್ಲಿನ ಕೆಂಪು ಜಿಪ್ಸಮ್ ಗಾರೆಯ ಮನೆಗಳಿಗೆ ಇಳಿಬಿಸಿಲು ಬಿದ್ದಿತ್ತು. ಮೇಲಿನ ಅಂತಸ್ತುಗಳು ಬೀದಿಗೆ ಚಾಚಿಕೊಂಡು, ಎದುರುಬದುರು ಸೂರುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ. ಬಾಗಿಲುಗಳಲ್ಲಿ ತಟ್ಟಿ ಕರೆಯಲು ಹಲ್ಲಿಯ ಆಕಾರದ ಕಬ್ಬಿಣದ ಕೊಂಡಿ. ಕೋಟೆಗೋಡೆ ಹತ್ತುವುದಿದ್ದರೆ ಈ ಹೊತ್ತಿಗೇ ಹತ್ತಿ. ಕೆಲವು ಕಡೆ ಹಿಡಿದುಕೊಳ್ಳಲು ಏನೂ ಇಲ್ಲ, ಚಪ್ಪಲಿಯಲ್ಲಿ ಹೋಗಬೇಡಿ.

ಇನ್ನು ಊಟ. ಸಸ್ಯಾಹಾರಿಗಳೇ, "ಸಿನ್ ಕಾರ್ನೆ" (ಮಾಂಸ ಬೇಡ) ಅಂದರೆ ಸಾಲದು. ನಾನು ಹಾಗೇ ಹೇಳಿದೆ. ತರಕಾರಿಯ ಮೇಲೆ ಹಂದಿಮಾಂಸದ ಚೂರು ಉದುರಿಸಿ ತಂದರು! ಅಲ್ಲಿ ಹಮೋನ್, ಅಂದರೆ ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸ, ಮಾಂಸದ ಲೆಕ್ಕಕ್ಕೇ ಬರುವುದಿಲ್ಲವೇನೋ. "ಸಿನ್ ಹಮೋನ್" ಎಂದೂ ಸೇರಿಸಿ. ನಮ್ಮನ್ನು ಕಾಪಾಡಿದ್ದು ನದಿ ಪಕ್ಕದ ಒಂದು ಸಣ್ಣ ಬಾರ್. ಹೊರಗಿನಿಂದ ನೋಡಿದರೆ ಒಳಗೆ ಹೋಗಲು ಮನಸ್ಸೇ ಬರುವುದಿಲ್ಲ. ಟಿವಿ ಜೋರಾಗಿ ಕೂಗುತ್ತಿತ್ತು, ಮೂಲೆಯಲ್ಲಿ ನಾಲ್ವರು ಅಜ್ಜಂದಿರು ಇಸ್ಪೀಟು ಆಡುತ್ತಿದ್ದರು. ಅಡುಗೆ ಮಾಡುವ ಅಮ್ಮ ನಮ್ಮ ಪರದಾಟ ನೋಡಿ ಬೆಳ್ಳುಳ್ಳಿ ಸೂಪನ್ನು ಬೇರೆಯಾಗಿ, ಬರೀ ನೀರಲ್ಲಿ ಮಾಡಿಕೊಟ್ಟರು. ಒಣಗಿದ ಬ್ರೆಡ್ಡು, ಕೆಂಪು ಮೆಣಸಿನ ಪುಡಿ, ಮೇಲೊಂದು ಮೊಟ್ಟೆ. ಮೇ ತಿಂಗಳಾದರೂ ಸಾವಿರ ಮೀಟರಿಗಿಂತ ಎತ್ತರದ ಊರು, ಗಾಳಿ ಕೊರೆಯುತ್ತಿತ್ತು. ಆ ಸೂಪು ನಮ್ಮ ಮನೆಯ ಮೆಣಸಿನ ಸಾರು ಕುಡಿದ ಹಾಗೆ ಒಳಗಿಳಿಯಿತು. ಜೊತೆಗೆ ಬೆರಳುದ್ದ ದಪ್ಪದ ತೋರ್ತಿಯಾ (ಆಲೂಗಡ್ಡೆ ಆಮ್ಲೆಟ್), ಊರಿನದೇ ಕುರಿಹಾಲಿನ ಚೀಸ್, ಕಾಫಿ. ಒಬ್ಬರಿಗೆ 14 ಯೂರೋ. ಸೋಮವಾರ ಬೆಳಿಗ್ಗೆಯೂ ಅಲ್ಲಿಗೇ ಹೋದೆವು. ಆದರೆ ಮಧ್ಯಾಹ್ನ ನಾಲ್ಕು ದಾಟಿದರೆ ರಾತ್ರಿ ಒಂಬತ್ತರವರೆಗೆ ಒಲೆ ಹಚ್ಚುವುದಿಲ್ಲ. ಬ್ಯಾಗಿನಲ್ಲಿ ಚಕ್ಕುಲಿ ಇರಲಿ.

ಕ್ಯಾಥೆಡ್ರಲ್ ನೋಡಲು ಗೈಡ್ ಜೊತೆ ಹೋಗಬೇಕು. ವಿವರಣೆ ಸ್ಪ್ಯಾನಿಷ್‌ನಲ್ಲಿತ್ತು, ನಾನು ಸುಮ್ನೆ ತಲೆಯಾಡಿಸಿದೆ.

ವಾಪಸ್ ಬಸ್ಸು ಒಂಬತ್ತಕ್ಕೆ ಮೊದಲೇ ಹೊರಡುತ್ತದೆ. ಇಳಿಯಲು ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. ಆ ಇಳಿಜಾರಿನಲ್ಲಿ ಸೂಟ್‌ಕೇಸ್ ನಮಗಿಂತ ಮುಂದೆ ಓಡುತ್ತದೆ.