ಫಾರಂನಲ್ಲಿ ‘ಇಲ್ಲ’ ಅಂತ ಬರೆಯುವ ಮುಂಚೆ

ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ನಾನು ಮೂಳೆ ವಾರ್ಡಿನ ನರ್ಸ್. ಕೆಲವು ವರ್ಷದ ಹಿಂದೆ ಕಾಲು ಮುರಿದುಕೊಂಡ ಹಮಾಲರೊಬ್ಬರು ದಾಖಲಾದರು. ಫಾರಂ ತುಂಬುವಾಗ ‘ಕುಡಿಯೋ ಅಭ್ಯಾಸ ಐತೇನು?’ ಅಂತ ಕೇಳಿದೆ. ‘ಇಲ್ಲವ್ವ, ನನ್ನ ಮಗ ದಾರು ಮುಟ್ಟಂಗಿಲ್ಲ’ ಅಂದರು ತಾಯಿ. ಹಾಗೇ ಬರೆದುಕೊಂಡು ಮುಂದಿನ ಬೆಡ್ಡಿಗೆ ಹೋದೆ.

ಮರುದಿನ ಸಂಜೆ ಅವರ ಕೈ ನಡುಗುತ್ತಿತ್ತು, ಮೈಯೆಲ್ಲ ಬೆವರು. ನೋವಿಗಿರಬೇಕು ಅಂದುಕೊಂಡೆ. ರಾತ್ರಿ ಹೊದಿಕೆಯ ಮೇಲೆ ಇಲ್ಲದ ಇರುವೆಗಳನ್ನು ಆರಿಸತೊಡಗಿದರು. ಮುರಿದ ಕಾಲಿನಲ್ಲೇ ಎದ್ದು ನಿಲ್ಲಲು ಹೋದರು. ‘ಗಾಳಿ ಸೋಕೈತಿ’ ಅಂತ ತಾಯಿ ಅತ್ತರು. ಡಾಕ್ಟರ್ ಬರುವಷ್ಟರಲ್ಲಿ ಫಿಟ್ಸ್ ಬಂದಿತ್ತು.

ಡಾಕ್ಟರ್ ತಾಯಿಗೆ ಕೇಳಿದ್ದು ಬೇರೆ ಪ್ರಶ್ನೆ. ‘ಸಂಜಿಮುಂದ ಏನು ತಗೊಂತಾನಮ್ಮ?’

‘ಸೇಂದಿ ರೀ. ಅಷ್ಟೇ.’

ತಾಯಿ ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸೇಂದಿ ಕುಡಿತದ ಲೆಕ್ಕಕ್ಕೇ ಬರುವುದಿಲ್ಲ. ಮರದಿಂದ ಇಳಿಸಿದ್ದು, ದೇಹಕ್ಕೆ ತಂಪು ಅಂತ ನಂಬಿದ್ದಾರೆ. ಆದರೆ ಕದ್ದು ಮಾರುವ ಸೇಂದಿಗೆ ಸಿ.ಎಚ್. ಪೌಡರ್ ಬೆರೆಸುತ್ತಾರೆ. ಅದು ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸುವ ರಾಸಾಯನಿಕ. ಕೆಲವೊಮ್ಮೆ ಡಯಾಜೆಪಾಮ್, ಅಲ್ಪ್ರಾಜೋಲಾಮ್ ಎಂಬ ನಿದ್ದೆ ಮಾತ್ರೆಯ ಔಷಧಿಗಳೂ ಇರುತ್ತವೆ. ದಿನಾ ಕುಡಿದರೆ ಮಿದುಳು ಅದಕ್ಕೆ ಒಗ್ಗಿಹೋಗುತ್ತೆ. ದಿಢೀರನೆ ನಿಂತರೆ ಫಿಟ್ಸ್, ಭ್ರಮೆ, ಸಾವೂ ಬರಬಹುದು. 2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಗೆ ಕಡಿವಾಣ ಬಿದ್ದಾಗ ಎಷ್ಟೋ ಜನ ಹೀಗೇ ಆಸ್ಪತ್ರೆ ಸೇರಿದರು. ಬ್ರಾಂದಿ, ವಿಸ್ಕಿಯ ಕಥೆಯೂ ಇದೇ. ಮೊದಲ ದಿನ ನಡುಕ, ಎರಡು ದಿನದೊಳಗೆ ಫಿಟ್ಸ್, ಎರಡರಿಂದ ನಾಲ್ಕನೇ ದಿನದಲ್ಲಿ ಮತಿಗೆಡುವುದು.

ಆ ಹಮಾಲರು ಉಳಿದರು. ಆಪರೇಷನ್ ಮಾತ್ರ ತುಂಬಾ ತಡವಾಯಿತು. ಅದಕ್ಕೆ ನನ್ನ ಆ ಒಂದು ಪ್ರಶ್ನೆಯೂ ಕಾರಣ.

ಈಗ ಮನೆಯವರನ್ನು ಸ್ವಲ್ಪ ಹೊರಗೆ ಕಳಿಸಿ ಕೇಳುತ್ತೇನೆ. ದಾರು, ಸೇಂದಿ, ಗಾಂಜಾ, ನಿದ್ದೆ ಮಾತ್ರೆ, ಒಂದೊಂದನ್ನೂ ಹೆಸರು ಹಿಡಿದು. ಕೊನೆಯ ಸಲ ತಗೊಂಡದ್ದು ಯಾವತ್ತು, ಎಷ್ಟು ಗಂಟೆಗೆ ಅಂತಲೂ ಕೇಳುತ್ತೇನೆ. ‘ಬೈಯೋಕಲ್ಲ, ಔಷಧಿ ಲೆಕ್ಕಕ್ಕೆ ಬೇಕು’ ಅಂತ ಮೊದಲೇ ಹೇಳಿಬಿಡುತ್ತೇನೆ. ವರ್ಷಗಟ್ಟಲೆ ಕುಡಿದವರಿಗೆ ಗ್ಲುಕೋಸ್ ಹಾಕುವ ಮುಂಚೆ ವಿಟಮಿನ್ ಬಿ1 ಇಂಜೆಕ್ಷನ್ ಬೇಕಾಗಬಹುದು. ಅದೂ ಈ ಉತ್ತರದಿಂದಲೇ ಗೊತ್ತಾಗಬೇಕು.

ಕೇಂದ್ರ ಸರ್ಕಾರ 2019ರಲ್ಲಿ ಬಿಡುಗಡೆ ಮಾಡಿದ ಸಮೀಕ್ಷೆಯ ಪ್ರಕಾರ, ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ಸಿಕ್ಕಿತ್ತು. ಉಳಿದವರಲ್ಲಿ ಎಷ್ಟೋ ಜನ ನಮ್ಮಂಥ ವಾರ್ಡಿಗೆ ಮೂಳೆ ಮುರಿದುಕೊಂಡೇ ಬರುತ್ತಾರೆ. ‘ನಾಳೆಯಿಂದ ಬಂದ್’ ಅಂತ ಮನೆಯಲ್ಲಿ ಕೂಡಿಹಾಕುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಡಾಕ್ಟರ ಹತ್ತಿರ ಕರೆತನ್ನಿ. ಚಟ ಬಿಡಿಸಲು ಇರುವ ಸರ್ಕಾರಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ, ದುಡ್ಡು ಬೇಕಿಲ್ಲ.

ಹೆಂಗಸರನ್ನೂ ಕೇಳುತ್ತೇನೆ. ಮೊನ್ನೆ ಸೊಂಟ ಮುರಿದ ಅಜ್ಜಿಯೊಬ್ಬರು ಬಂದಿದ್ದರು. ಮಗ ಚಹಾ ತರಲು ಹೋದಾಗ ಕೈ ಹಿಡಿದು ಕೇಳಿದೆ. ‘ದಿನಾ ಎರಡು ಬಾಟ್ಲಿ ಸೇಂದಿ ಯವ್ವಾ, ಮಗಗ ಹೇಳಬ್ಯಾಡ’ ಅಂದರು. ‘ಕೊನೆಯದು ನಿನ್ನೆ ಸಂಜೆ 6 ಗಂಟೆ’ ಅಂತ ಕೇಸ್ ಶೀಟಿನ ಮೇಲೆ ದೊಡ್ಡದಾಗಿ ಬರೆದೆ. ರಾತ್ರಿ ಡ್ಯೂಟಿಯವರಿಗೆ ತೋರಿಸಿಯೇ ಮನೆಗೆ ಹೊರಟೆ.