ಗುಡಿಸುವವರು ಗುರುವಾದಾಗ

ಬದಿಯಡ್ಕ, 8 ಫೆಬ್ರವರಿ 2026, ಭಾನುವಾರ

ಇಟಲಿಯ ಕೊರ್ಟಿನಾದಲ್ಲಿ ಚಳಿಗಾಲದ ಒಲಿಂಪಿಕ್ಸ್‌ನ ಕರ್ಲಿಂಗ್ (ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಗುರಿವೃತ್ತದ ನಡುವಿಗೆ ಆದಷ್ಟು ಹತ್ತಿರ ನಿಲ್ಲಿಸುವ ಆಟ) ಪಂದ್ಯಗಳು ಶುರುವಾದಂದಿನಿಂದ ಮಾರ್ಸೆಲ್ ರಾಕ್ ಅವರ ಕುರಿತು ನಾಲ್ಕು ಸಾಲು ಬರೆದಿಡಬೇಕೆಂಬ ಮನಸ್ಸಿತ್ತು. ಕೆನಡಾದ ಈ ಆಟಗಾರ, ರ‍್ಯಾಂಡಿ ಫರ್ಬಿ ನಾಯಕರಾಗಿದ್ದ ತಂಡದಲ್ಲಿ 2002, 2003 ಮತ್ತು 2005ರಲ್ಲಿ ವಿಶ್ವ ಚಾಂಪಿಯನ್ ಆದವರು. ತಂಡದಲ್ಲಿ ಅವರ ಸ್ಥಾನ ಮಾತ್ರ ‘ಲೀಡ್’. ಲೀಡ್ ಆದವನು ಪ್ರತಿ ಸುತ್ತಿನಲ್ಲೂ ತನ್ನ ಪಾಲಿನ ಎರಡು ಕಲ್ಲುಗಳನ್ನು ಮೊದಲೇ ಬಿಟ್ಟು ಮುಗಿಸಿ, ಉಳಿದ ಮೂವರು ಬಿಡುವ ಆರು ಕಲ್ಲುಗಳ ಮುಂದೆ ಬ್ರಷ್ ಹಿಡಿದು ಮಂಜುಗಡ್ಡೆಯನ್ನು ಉಜ್ಜುತ್ತ ಓಡಬೇಕು. ನೀರಿನ ಹನಿ ಚಿಮುಕಿಸಿ ತರಿತರಿಯಾಗಿ ಹೆಪ್ಪುಗಟ್ಟಿಸಿದ ಹಾಸಿನ ಮೇಲೆ, 17ರಿಂದ 20 ಕಿಲೋ ತೂಗುವ ಗ್ರಾನೈಟ್ ಕಲ್ಲು ತಿರುಗುತ್ತ, ಬಾಗುತ್ತ ಸಾಗುತ್ತದೆ. ಅದರ ಎದುರಿಗೆ ಒತ್ತಿ ಉಜ್ಜಿದರೆ ಘರ್ಷಣೆ ತಗ್ಗಿ, ಬಾಗು ಕಡಿಮೆಯಾಗಿ, ಒಂದೆರಡು ಮೀಟರ್ ಹೆಚ್ಚು ದೂರ ಹೋಗುತ್ತದೆ. ಕೊನೆಯ ಕಲ್ಲು ಬಿಡುತ್ತಿದ್ದ ಡೇವಿಡ್ ನೆಡೋಹಿನ್ ಅವರಿಗೆ ಚಪ್ಪಾಳೆ ಸಿಕ್ಕಾಗಲೆಲ್ಲ ಅದರಲ್ಲಿ ರಾಕ್ ಅವರ ರಟ್ಟೆಯ ಪಾಲೂ ಇತ್ತು.

ಇಂಥವರೇ ಒಳ್ಳೆಯ ತರಬೇತುದಾರರಾಗುತ್ತಾರೆ ಎಂಬುದು ನನ್ನ ಅಭಿಪ್ರಾಯ. ನಮ್ಮ ಕುಂಬಳೆ, ಬದಿಯಡ್ಕ ಸುತ್ತಿನ ಕಬಡ್ಡಿ ತಂಡಗಳಲ್ಲಿ ತರಬೇತಿಗೆ ಮೊದಲ ಕರೆ ಹೋಗುವುದು ಹೆಸರು ಮಾಡಿದ ರೈಡರ್‌ಗೆ. ಆಟ ಮುಗಿಯುವವರೆಗೂ ಎದುರಾಳಿಯ ಪಾದವನ್ನೇ ಗಮನಿಸುತ್ತ ನಿಂತಿದ್ದ ಕಾರ್ನರ್ ಆಟಗಾರನನ್ನು ಯಾರೂ ಕೇಳುವುದಿಲ್ಲ. (ನಾನೂ ಕಾರ್ನರ್‌ನಲ್ಲಿ ಆಡಿದವನಾದ್ದರಿಂದ ಇದರಲ್ಲಿ ತುಸು ಪಕ್ಷಪಾತ ಇದ್ದೀತು.)

ರಾಕ್ ಚೀನಾದ ಪುರುಷರ ತಂಡದ ತರಬೇತುದಾರರಾಗಿ 2014ರಲ್ಲಿ ಸೋಚಿ ಒಲಿಂಪಿಕ್ಸ್‌ಗೆ ಹೋದರು. ಲಿಯು ರುಯಿ ನಾಯಕತ್ವದ ಆ ತಂಡ ಲೀಗ್ ಹಂತದ 9 ಪಂದ್ಯಗಳಲ್ಲಿ 7ನ್ನು ಗೆದ್ದು ಸೆಮಿಫೈನಲ್ ತಲುಪಿದಾಗ, ಎದುರಿಗೆ ಬಂದದ್ದು ಕೆನಡಾ. ತಾವು ತಿದ್ದಿ ತೀಡಿದ ಹುಡುಗರು ತಮ್ಮದೇ ದೇಶದ ಕೈಯಲ್ಲಿ 6–10ರಿಂದ ಸೋಲುವುದನ್ನು ಅವರು ನೋಡಬೇಕಾಯಿತು. ಕಂಚಿನ ಪಂದ್ಯವೂ ಸ್ವೀಡನ್ ಪಾಲಾಗಿ ಚೀನಾ ನಾಲ್ಕನೆಯ ಸ್ಥಾನಕ್ಕೆ ನಿಂತಿತು.

ಅದನ್ನೆಲ್ಲ ಬೆಂಚಿನಲ್ಲಿ ಕುಳಿತೇ ನೋಡಬೇಕು ಎಂಬುದು ಈ ಆಟದ ಕಠಿಣ ನಿಯಮ. ನಡುವಿನ ವಿರಾಮವನ್ನು ಬಿಟ್ಟರೆ, ತಂಡವು ಟೈಮ್ ಔಟ್ ಕೇಳಿದಾಗ ಮಾತ್ರ ತರಬೇತುದಾರ ಹತ್ತಿರ ಹೋಗಿ 60 ಸೆಕೆಂಡು ಮಾತನಾಡಬಹುದು, ಅದೂ ಪಂದ್ಯಕ್ಕೊಮ್ಮೆ. ಕಬಡ್ಡಿಯಲ್ಲಿ ನಮಗೆ ಪ್ರತಿ ಅವಧಿಯಲ್ಲಿ 30 ಸೆಕೆಂಡುಗಳ ಎರಡು ಟೈಮ್ ಔಟ್‌ಗಳಿದ್ದರೂ ಸಾಲದೆ, ಗೆರೆಯಾಚೆಯಿಂದ ಗಂಟಲು ಹರಿದುಹೋಗುವಂತೆ ಕೂಗುತ್ತೇವೆ. ಮುಂದಿನ ಕೂಟದಲ್ಲಿ ಬಾಯಿ ಬಿಡದೆ ಕೂರುತ್ತೇನೆ ಎಂದು ಇವತ್ತು ಹುಡುಗರಿಗೆ ಹೇಳಿದೆ, ಒಬ್ಬನೂ ನಂಬಲಿಲ್ಲ.